ವಿನ್ಯಾಸ ತಂತ್ರಾಂಶದ ಬೆನ್ನಿಗೆ ಬರುವ ಕರೆಯದ ಅತಿಥಿಗಳು

ಮುದ್ರಣಾಲಯಗಳಲ್ಲಿ, ಡಿ.ಟಿ.ಪಿ. ಕೇಂದ್ರಗಳಲ್ಲಿ, ಜಾಹೀರಾತು ಸಂಸ್ಥೆಗಳಲ್ಲಿ ಗಣಕಯಂತ್ರ ನಿಧಾನವಾಯಿತೆಂಬ ದೂರು ಹೊಸದಲ್ಲ. ಮದುವೆಯ ಹಂಗಾಮು, ವರ್ಷಾಂತ್ಯದ ಕ್ಯಾಲೆಂಡರು ಹಾಗೂ ಡೈರಿಗಳ ಕಾಲ, ಚುನಾವಣೆಯ ದಿನಗಳು ಬಂದಾಗ, ಅಂದರೆ ಕೆಲಸ ಮೈಮೇಲೆ ಬಿದ್ದಾಗಲೇ, ಈ ದೂರು ಹೆಚ್ಚಾಗಿ ಕೇಳಿಬರುತ್ತದೆ. ಮಾಲೀಕರು ಗಣಕ ದುರಸ್ತಿಯವರನ್ನು ಕರೆಸುತ್ತಾರೆ. ಅವರು ರ‍್ಯಾಮ್ ಹೆಚ್ಚಿಸಿಕೊಳ್ಳಿ ಎನ್ನುತ್ತಾರೆ. ಕೆಲವು ಸಾವಿರ ರೂಪಾಯಿ ಖರ್ಚಾಗಿ ಗಣಕ ಕೆಲವು ತಿಂಗಳು ಚುರುಕಾಗಿ ನಡೆದು, ಮತ್ತೆ ಮೊದಲಿನಂತೆಯೇ ತೆವಳತೊಡಗುತ್ತದೆ. ಹಣ ಕೊಟ್ಟು ಹಾಕಿಸಿದ ಆ ರ‍್ಯಾಮ್ ಯಾರ ಊಟಕ್ಕೆ ಹೋಗುತ್ತಿದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ.

ವಿಚಾರಿಸುವುದು ಕಷ್ಟವೇನಲ್ಲ. ವಿಂಡೋಸ್ ಗಣಕದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಡೋಬ್ ಸಂಸ್ಥೆಯ ಕ್ರಿಯೇಟಿವ್ ಕ್ಲೌಡ್ ಅಳವಡಿಸಿದ ಗಣಕವಾದರೆ, ಫೋಟೋಶಾಪನ್ನಾಗಲೀ ಇಲ್ಲಸ್ಟ್ರೇಟರನ್ನಾಗಲೀ ತೆರೆಯದಿದ್ದರೂ, ಆ ಪಟ್ಟಿಯಲ್ಲಿ ಸಾಲುಸಾಲಾಗಿ ಹೆಸರುಗಳು ಕಾಣಸಿಗುತ್ತವೆ: ಅಡೋಬ್ ಡೆಸ್ಕ್‌ಟಾಪ್ ಸರ್ವಿಸ್, ಕೋರ್ ಸಿಂಕ್, ಸಿಸಿಎಕ್ಸ್ ಪ್ರೋಸೆಸ್, ಸಿಸಿ ಲೈಬ್ರರಿ, ಐಪಿಸಿ ಬ್ರೋಕರ್, ಅಪ್‌ಡೇಟ್ ಸರ್ವಿಸ್, ಜೆನ್ಯುಯಿನ್ ಸಾಫ್ಟ್‌ವೇರ್ ಸರ್ವಿಸ್. ಇವುಗಳ ಜೊತೆಗೆ ನೋಡ್ ಎಂಬ ಹೆಸರಿನ ಇನ್ನೊಂದು. ಕಾಲಕಾಲಕ್ಕೆ ಈ ಹೆಸರುಗಳು ಬದಲಾಗುತ್ತವೆ, ಕೆಲವು ಸೇರುತ್ತವೆ, ಕೆಲವು ಬಿಟ್ಟುಹೋಗುತ್ತವೆ. ಆದರೆ ಪಟ್ಟಿ ಬರಿದಾಗುವುದಿಲ್ಲ. ಗಣಕವನ್ನು ಚಾಲನೆ ಮಾಡಿದ ಕ್ಷಣದಿಂದ ಆರಿಸುವವರೆಗೆ ಇವು ತೆರೆಯ ಹಿಂದೆ ಓಡುತ್ತಲೇ ಇರುತ್ತವೆ. ತಂತ್ರಜ್ಞರು ಇವನ್ನು ಹಿನ್ನೆಲೆ ಪ್ರಕ್ರಿಯೆಗಳು ಎಂದು ಕರೆಯುತ್ತಾರೆ.

ಪ್ರತಿಯೊಂದಕ್ಕೂ ಒಂದು ಕೆಲಸವಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಡೆಸ್ಕ್‌ಟಾಪ್ ಸರ್ವಿಸ್ ಖಾತೆಗೆ ಪ್ರವೇಶ, ತಂತ್ರಾಂಶಗಳ ಅಳವಡಿಕೆ ಮೊದಲಾದವನ್ನು ನೋಡಿಕೊಳ್ಳುತ್ತದೆ. ಕೋರ್ ಸಿಂಕ್ ಕಡತಗಳನ್ನೂ ಅಕ್ಷರ ವಿನ್ಯಾಸಗಳನ್ನೂ ಸಂಸ್ಥೆಯ ದೂರದ ಸರ್ವರ್‌ನೊಂದಿಗೆ ಸರಿಹೊಂದಿಸಲೆಂದು ಬಂದದ್ದು. ಲೈಬ್ರರಿ ಪ್ರಕ್ರಿಯೆ ಬಣ್ಣ, ಲಾಂಛನ, ಚಿತ್ರಗಳ ಸಂಗ್ರಹವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒದಗಿಸುತ್ತದೆ. ಸಿಸಿಎಕ್ಸ್ ಪ್ರೋಸೆಸ್ ಮಾದರಿ ವಿನ್ಯಾಸಗಳು, ಪಾಠಗಳು ಮುಂತಾದ ಹೆಚ್ಚುವರಿ ಸಾಮಗ್ರಿಯನ್ನು ತಂದುಕೊಡುತ್ತದೆ. ಐಪಿಸಿ ಬ್ರೋಕರ್ ಇವರೆಲ್ಲರ ನಡುವೆ ಓಲೆಕಾರ. ಜೆನ್ಯುಯಿನ್ ಸರ್ವಿಸ್ ತಂತ್ರಾಂಶ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಕಾವಲುಗಾರ. ಆಕ್ರೊಬ್ಯಾಟ್‌ಗೆ ತನ್ನದೇ ಆದ ನವೀಕರಣ ಸೇವೆ ಬೇರೆ ಇದೆ. ಇವುಗಳಲ್ಲಿ ಎಷ್ಟು ಕೆಲಸ ಗ್ರಾಹಕನಿಗಾಗಿ, ಎಷ್ಟು ಮಾರಾಟಗಾರನಿಗಾಗಿ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. ಲಗ್ನಪತ್ರಿಕೆಯ ಬಾರ್ಡರನ್ನು ತಿದ್ದುವ ಕೆಲಸಗಾರನಿಗೆ ಮಾದರಿ ವಿನ್ಯಾಸಗಳ ಜಾಹೀರಾತಾಗಲೀ, ದೂರದ ಸರ್ವರ್‌ನಲ್ಲಿನ ಲೈಬ್ರರಿಯಾಗಲೀ ಬೇಕಾಗಿಲ್ಲ. ಅವನಿಗೆ ಬೇಕಾದದ್ದು ಇಲ್ಲಸ್ಟ್ರೇಟರ್ ಒಂದೇ. ಅದಕ್ಕಾಗಿಯೇ ಅವನ ಮಾಲೀಕ ಹಣ ತೆತ್ತಿರುವುದು.

ಈ ಸ್ಥಿತಿ ಹೇಗೆ ಬಂತು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಕರ್ನಾಟಕದ ಮುದ್ರಣೋದ್ಯಮ ಬಹುಕಾಲ ಪೇಜ್‌ಮೇಕರ್ ಮತ್ತು ಕೋರೆಲ್ ಡ್ರಾ ಎಂಬ ಎರಡು ಕಂಬಗಳ ಮೇಲೆ ನಿಂತಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಮುದ್ರಣ ಕಾಶಿಯೆಂದು ಹೆಸರಾದ ಗದಗದವರೆಗೆ ಎಲ್ಲೆಲ್ಲೂ ಪೇಜ್‌ಮೇಕರ್, ಅದರ ಜೊತೆಗೆ ನುಡಿ, ಬರಹ ಅಥವಾ ಶ್ರೀಲಿಪಿಯ ಅಕ್ಷರಗಳು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಹೊರಬಂದದ್ದು 2001ರಲ್ಲಿ. ಒಂದು ಸಲ ಪೆಟ್ಟಿಗೆ ಕೊಂಡು, ಸಿ.ಡಿ.ಯಿಂದ ಅಳವಡಿಸಿ, ಕ್ರಮಸಂಖ್ಯೆಯನ್ನು ಟೈಪಿಸಿದರೆ ಮುಗಿಯಿತು. ಅನಂತರ ಆ ತಂತ್ರಾಂಶಕ್ಕೂ ಅದನ್ನು ಮಾರಿದವರಿಗೂ ಸಂಬಂಧವಿರಲಿಲ್ಲ. ತೆರೆದಾಗ ಕೆಲಸ ಮಾಡುತ್ತಿತ್ತು, ಮುಚ್ಚಿದಾಗ ಸುಮ್ಮನಿರುತ್ತಿತ್ತು. ಆ ಕಾಲದ ತಂತ್ರಾಂಶಗಳಲ್ಲಿ ದೋಷಗಳು ಬೇಕಾದಷ್ಟಿದ್ದವು, ಆದರೆ ಈ ಒಂದು ಶಿಸ್ತು ಅವುಗಳಿಗಿತ್ತು.

2012ರ ಮೇ ತಿಂಗಳಲ್ಲಿ ಅಡೋಬ್ ಕ್ರಿಯೇಟಿವ್ ಕ್ಲೌಡ್ ಎಂಬ ಚಂದಾ ಪದ್ಧತಿಯನ್ನು ಆರಂಭಿಸಿತು. ಮರುವರ್ಷ, 2013ರ ಮೇ ತಿಂಗಳಲ್ಲಿ, ಒಮ್ಮೆಗೇ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿ ಕ್ರಿಯೇಟಿವ್ ಸ್ಯೂಟ್ 6ಕ್ಕೇ ಕೊನೆ, ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಪ್ರಕಟಿಸಿತು. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ 2016ರಲ್ಲಿ ಅದೇ ದಾರಿ ಹಿಡಿಯಿತು. ಪೀಣ್ಯದ ಯಂತ್ರೋಪಕರಣ ಘಟಕಗಳಿಗೂ ಬೆಳಗಾವಿಯ ಫೌಂಡ್ರಿಗಳಿಗೂ ಈ ವಿಷಯ ತಮ್ಮದಲ್ಲವೆಂದು ಪುಟ ತಿರುಗಿಸುವ ಹಾಗಿಲ್ಲ. ಅಲ್ಲಿಯೂ ಅಸಲಿತನ ಪರೀಕ್ಷಿಸುವ ಸೇವೆ, ನವೀಕರಣದ ಸೇವೆ, ಪರವಾನಗಿಯ ಸೇವೆ ಎಂದು ಇದೇ ಪರಿವಾರ ಬೀಡುಬಿಟ್ಟಿದೆ.

ಚಂದಾ ಪದ್ಧತಿಯ ಸ್ವಭಾವವೇ ಹಿನ್ನೆಲೆ ಪ್ರಕ್ರಿಯೆಗಳನ್ನು ಬೇಡುತ್ತದೆ. ಈ ತಿಂಗಳ ಹಣ ಸಂದಾಯವಾಗಿದೆಯೇ ಎಂದು ಕಾಲಕಾಲಕ್ಕೆ ವಿಚಾರಿಸಬೇಕು, ಹೊಸ ಆವೃತ್ತಿಯನ್ನು ತಾನಾಗಿಯೇ ಇಳಿಸಿಕೊಳ್ಳಬೇಕು, ಚಂದಾದಾರ ಬಿಟ್ಟುಹೋಗದಂತೆ ಹೊಸ ಹೊಸ ಸೌಲಭ್ಯಗಳನ್ನು ಕಣ್ಣಿಗೆ ಕಾಣಿಸುತ್ತಿರಬೇಕು. ಪೆಟ್ಟಿಗೆ ಮಾರುವ ವ್ಯಾಪಾರಿ ಮಾರಿ ಹೋಗುತ್ತಾನೆ. ಬಾಡಿಗೆಗೆ ಕೊಟ್ಟವನು ಆಗಾಗ ಬಂದು ಇಣುಕಿ ನೋಡುತ್ತಾನೆ.

ಹಳೆಯದರಲ್ಲಿಯೇ ಉಳಿಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ಕನ್ನಡದ ಮುದ್ರಕನಿಗೆ ಆ ದಾರಿ ಸುಲಭವಾಗಿಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬಾರದು. ಲೇಖಕರು, ಪತ್ರಿಕೆಗಳು, ಸರ್ಕಾರಿ ಕಚೇರಿಗಳು ಯೂನಿಕೋಡ್‌ನಲ್ಲಿ ಪಠ್ಯ ಕಳುಹಿಸುವುದು ರೂಢಿಯಾದ ಮೇಲೆ, ಅದನ್ನು ಹಳೆಯ ಅಕ್ಷರಕ್ಕೆ ಪರಿವರ್ತಿಸಿ, ಒಡೆದ ಒತ್ತಕ್ಷರಗಳನ್ನು ಕೈಯಿಂದ ತಿದ್ದುವುದರಲ್ಲಿ ಲಾಭವೆಲ್ಲ ಕರಗುತ್ತದೆ. ಇನ್‌ಡಿಸೈನ್‌ನಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ಆಧಾರ ದೊರೆತದ್ದು 2012ರ ಆರನೆಯ ಆವೃತ್ತಿಯಲ್ಲಿ. ಅಂದರೆ, ಕನ್ನಡಕ್ಕೆ ಬಾಗಿಲು ತೆರೆದ ಮರುವರ್ಷವೇ ಶಾಶ್ವತ ಪರವಾನಗಿಯ ಬಾಗಿಲು ಮುಚ್ಚಿತು. ಇದರಲ್ಲಿ ಯಾರ ಸಂಚೂ ಇಲ್ಲ. ಕಾಲ ಹಾಗೆ ಕೂಡಿಬಂತು. ಆದರೆ ಪರಿಣಾಮವನ್ನು ಅನುಭವಿಸುತ್ತಿರುವುದು ಕನ್ನಡದ ಮುದ್ರಣೋದ್ಯಮವೇ.

ಸಣ್ಣ ಘಟಕದ ಲೆಕ್ಕ

ದೊಡ್ಡ ಜಾಹೀರಾತು ಸಂಸ್ಥೆಯೊಂದರ ಗಣಕದಲ್ಲಿ 32 ಗಿಗಾಬೈಟ್ ರ‍್ಯಾಮ್ ಇದ್ದರೆ, ಹಿನ್ನೆಲೆಯಲ್ಲಿ ಕೆಲವು ನೂರು ಮೆಗಾಬೈಟ್ ವ್ಯಯವಾದರೂ ಯಾರಿಗೂ ತಿಳಿಯುವುದಿಲ್ಲ. ಆದರೆ ಸಣ್ಣ ಮುದ್ರಣಾಲಯದ ಗಣಕ ಬೇರೆ. ಫೋಟೋಶಾಪ್‌ಗೆ ಕನಿಷ್ಠ 8 ಗಿಗಾಬೈಟ್ ಬೇಕೆಂದೂ, 16 ಇದ್ದರೆ ಒಳ್ಳೆಯದೆಂದೂ ತಯಾರಕರೇ ಹೇಳುತ್ತಾರೆ. ಅನೇಕ ಘಟಕಗಳಲ್ಲಿ ಇರುವುದು ಆ ಕನಿಷ್ಠ ಮಾತ್ರ. ಅದರಲ್ಲಿ ವಿಂಡೋಸ್ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ, ವೈರಸ್ ನಿರೋಧಕ ತನ್ನ ಪಾಲನ್ನು, ಮೇಲೆ ಹೇಳಿದ ಪರಿವಾರ ತನ್ನದನ್ನು. ಉಳಿದದ್ದರಲ್ಲಿ ಆರು ಅಡಿ ಅಗಲದ ಫ್ಲೆಕ್ಸ್ ವಿನ್ಯಾಸ ತೆರೆಯಬೇಕು. ಗಣಕ ಸಾಲದ ರ‍್ಯಾಮ್‌ನ ಬದಲು ಹಾರ್ಡ್ ಡಿಸ್ಕನ್ನೇ ಬಳಸತೊಡಗುತ್ತದೆ. ಹಳೆಯ ಮಾದರಿಯ, ತಿರುಗುವ ಡಿಸ್ಕ್ ಆಗಿದ್ದರೆ ಗಣಕ ಉಸಿರುಗಟ್ಟಿದಂತೆ ನಿಂತುಬಿಡುತ್ತದೆ. ಪ್ರತಿ ಕಡತ ತೆರೆಯಲು ಅರ್ಧ ನಿಮಿಷ ಹೆಚ್ಚು ಕಾಯಬೇಕಾಗಿ ಬಂದರೂ, ದಿನಕ್ಕೆ 60 ಕಡತ ತೆರೆಯುವ ಕೆಲಸಗಾರನಿಗೆ ಅರ್ಧ ಗಂಟೆ ಹೋಯಿತು. ತಿಂಗಳಿಗೆ 25 ಕೆಲಸದ ದಿನವೆಂದರೆ ಹನ್ನೆರಡೂವರೆ ಗಂಟೆ. ಸಂಬಳದ ಲೆಕ್ಕದಲ್ಲಿ ಇದು ಒಂದೂವರೆ ದಿನ.

ಅಂತರಜಾಲದ ಲೆಕ್ಕವೂ ಹಾಗೆಯೇ. ತಾಲ್ಲೂಕು ಕೇಂದ್ರಗಳಲ್ಲಿ ಮೊಬೈಲ್ ಸಂಪರ್ಕವನ್ನೇ ಗಣಕಕ್ಕೆ ಜೋಡಿಸಿಕೊಂಡು ದುಡಿಯುವ ಕೇಂದ್ರಗಳು ಇಂದಿಗೂ ಇವೆ. ಗ್ರಾಹಕನಿಗೆ ಕರಡು ಪ್ರತಿಯನ್ನು ವಾಟ್ಸಾಪ್ ಮಾಡಬೇಕಾದ ಹೊತ್ತಿನಲ್ಲಿ ಗಿಗಾಬೈಟ್‌ಗಟ್ಟಲೆ ತೂಕದ ನವೀಕರಣ ಇಳಿಯತೊಡಗಿದರೆ ಕೆಲಸ ನಿಲ್ಲುತ್ತದೆ. ವಿದ್ಯುತ್ ಹೋಗಿ ಯು.ಪಿ.ಎಸ್. ಮೇಲೆ ಗಣಕ ನಡೆಯುತ್ತಿರುವಾಗಲೂ ಈ ಪ್ರಕ್ರಿಯೆಗಳಿಗೆ ಬಿಡುವಿಲ್ಲ. ನವೀಕರಣದ ಇನ್ನೊಂದು ತೊಂದರೆಯನ್ನು ಮುದ್ರಕರೇ ಬಲ್ಲರು: ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಪಕ್ಕದ ಗಣಕದ ಹಳೆಯ ಆವೃತ್ತಿಯಲ್ಲಿ ಸರಿಯಾಗಿ ತೆರೆಯುವುದಿಲ್ಲ. ಮೂರು ಗಣಕಗಳಲ್ಲಿ ಒಂದು ರಾತ್ರೋರಾತ್ರಿ ತಾನಾಗಿಯೇ ನವೀಕೃತವಾದರೆ ಮರುದಿನ ಉಳಿದೆರಡರ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2022ರ ಕೊನೆಯಲ್ಲಿ ಪ್ಯಾಂಟೋನ್ ಬಣ್ಣಗಳ ಪುಸ್ತಕಗಳನ್ನು ಅಡೋಬ್ ತಂತ್ರಾಂಶಗಳಿಂದ ತೆಗೆದಾಗ, ಹಳೆಯ ಕಡತಗಳಲ್ಲಿನ ಅಂತಹ ಬಣ್ಣಗಳು ಕಪ್ಪಾಗಿ ಕಾಣಿಸಿಕೊಂಡವು. ಮರಳಿ ಬೇಕಾದವರು ಪ್ಯಾಂಟೋನ್ ಸಂಸ್ಥೆಗೆ ಬೇರೆ ಚಂದಾ ಕಟ್ಟಬೇಕಾಯಿತು. ಗಿರಾಕಿಯ ಲಾಂಛನದ ಬಣ್ಣ ತನ್ನ ಅಂಗಡಿಯೊಳಗಿನ ಕಡತದಲ್ಲಿಯೇ ಬದಲಾಗಬಹುದೆಂದು ಯಾವ ಮುದ್ರಕನೂ ಊಹಿಸಿರಲಿಲ್ಲ.

ನಿಧಾನಗತಿ ಇದರಲ್ಲಿ ಸಣ್ಣ ನಷ್ಟ. ದೊಡ್ಡದು ಬೇರೆ ಇದೆ.

2016ರ ಫೆಬ್ರುವರಿಯಲ್ಲಿ ಮ್ಯಾಕ್ ಗಣಕಗಳಿಗೆ ಬಂದ ಕ್ರಿಯೇಟಿವ್ ಕ್ಲೌಡ್ ನವೀಕರಣವೊಂದು, ಬಳಕೆದಾರ ಖಾತೆಗೆ ಪ್ರವೇಶಿಸುತ್ತಿದ್ದಂತೆಯೇ, ಡಿಸ್ಕ್‌ನ ಮೂಲದಲ್ಲಿ ಅಕ್ಷರಾನುಕ್ರಮದಲ್ಲಿ ಮೊದಲು ಬರುವ ಫೋಲ್ಡರಿನಲ್ಲಿದ್ದ ಕಡತಗಳನ್ನು ಅಳಿಸಿಹಾಕತೊಡಗಿತು. ಬ್ಯಾಕ್‌ಬ್ಲೇಜ್ ಎಂಬ ಕಡತ ಸಂರಕ್ಷಣಾ ಸೇವೆಯ ಗುಪ್ತ ಫೋಲ್ಡರಿನ ಹೆಸರು ಆ ಅನುಕ್ರಮದಲ್ಲಿ ಮೊದಲು ಬರುತ್ತಿದ್ದುದರಿಂದ ಅದರ ಗ್ರಾಹಕರಿಗೆ ಈ ಪೆಟ್ಟು ಬಿದ್ದು, ವಿಷಯ ಬಯಲಿಗೆ ಬಂತು. ವಿಪರ್ಯಾಸ ಸಣ್ಣದಲ್ಲ: ಕಡತ ಕಳೆಯಬಾರದೆಂದು ಇಟ್ಟುಕೊಂಡ ವ್ಯವಸ್ಥೆಯೇ ಮೊದಲು ಬಲಿಯಾಯಿತು. ಅಡೋಬ್ ಆ ನವೀಕರಣದ ವಿತರಣೆಯನ್ನು ನಿಲ್ಲಿಸಿ, ಸರಿಪಡಿಸಿದ ಆವೃತ್ತಿಯನ್ನು ಬಿಡುಗಡೆ ಮಾಡಿತು. ತಪ್ಪು ಎಲ್ಲರಿಂದಲೂ ಆಗುತ್ತದೆ, ಆ ಸಂಸ್ಥೆ ತಡಮಾಡದೆ ತಿದ್ದಿಕೊಂಡದ್ದನ್ನು ಒಪ್ಪಬೇಕು. ಗಮನಿಸಬೇಕಾದದ್ದು ಇಷ್ಟೇ: ಚಿತ್ರ ತಿದ್ದಲೆಂದು ಕೊಂಡ ತಂತ್ರಾಂಶದ ಸಹಾಯಕ ಪ್ರಕ್ರಿಯೆಯೊಂದಕ್ಕೆ ಇಡೀ ಡಿಸ್ಕ್‌ನ ಮೂಲದಲ್ಲಿ ಕೈಯಾಡಿಸುವ ಅಧಿಕಾರವಿತ್ತು, ಮತ್ತು ಆ ಅಧಿಕಾರ ಇದೆಯೆಂದು ಮಾಲೀಕನಿಗೆ ತಿಳಿದಿರಲಿಲ್ಲ. ಇಂತಹ ಅಧಿಕಾರದ ಮಿತಿ ಎಲ್ಲಿಯವರೆಗೆ ಮುಟ್ಟಬಲ್ಲದೆಂಬುದಕ್ಕೆ, ವಿನ್ಯಾಸ ಕ್ಷೇತ್ರಕ್ಕೆ ಸೇರದಿದ್ದರೂ, 2024ರ ಜುಲೈ 19ರ ಘಟನೆಯನ್ನು ನೆನೆಯಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಹಿನ್ನೆಲೆ ನವೀಕರಣದ ಒಂದು ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದುಬಿದ್ದು ವಿಮಾನ ನಿಲ್ದಾಣಗಳೂ ಬ್ಯಾಂಕುಗಳೂ ಪರದಾಡಿದವು.

ಎರಡನೆಯ ಅಪಾಯ ಗೋಪ್ಯತೆಗೆ ಸಂಬಂಧಿಸಿದ್ದು. ಶಾಲಾ ಗುರುತಿನ ಚೀಟಿ, ಅಂಕಪಟ್ಟಿ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ಮತದಾರರ ಪಟ್ಟಿ, ಇನ್ನೂ ಬಿಡುಗಡೆಯಾಗದ ಉತ್ಪನ್ನದ ಹೊದಿಕೆ: ಇವೆಲ್ಲ ಮುದ್ರಣಾಲಯದ ಗಣಕದಲ್ಲಿ ಹಾದುಹೋಗುವ ವಸ್ತುಗಳು. ಗಿರಾಕಿ ಇವನ್ನು ಮುದ್ರಕನ ಮೇಲಿನ ನಂಬಿಕೆಯಿಂದ ಕೊಡುತ್ತಾನೆ. 2019ರ ನವೆಂಬರಿನಲ್ಲಿ ಫೋಟೋಶಾಪ್‌ಗೆ ಕ್ಲೌಡ್ ಕಡತಗಳು ಬಂದ ಮೇಲೆ, ಉಳಿಸುವಾಗ ದೂರದ ಸರ್ವರ್ ಬೇಕೋ ಸ್ವಂತ ಗಣಕ ಬೇಕೋ ಎಂಬ ಪ್ರಶ್ನೆ ಎದುರಾಗತೊಡಗಿತು. ಅವಸರದಲ್ಲಿರುವ ಕೆಲಸಗಾರ ಎದುರಿಗೆ ಕಂಡ ಗುಂಡಿಯನ್ನು ಒತ್ತುತ್ತಾನೆ. ಪ್ರಶ್ನೆಪತ್ರಿಕೆ ಹಡಗು ಹತ್ತದೆಯೇ ಸಮುದ್ರ ದಾಟುತ್ತದೆ. ಅಲ್ಲಿ ಅದು ಭದ್ರವಾಗಿರುತ್ತದೆಂಬ ಭರವಸೆಯನ್ನು ಸಂಸ್ಥೆ ಕೊಡುತ್ತದೆ. 2013ರ ಅಕ್ಟೋಬರಿನಲ್ಲಿ ಅಡೋಬ್ ಸಂಸ್ಥೆಯ ಮೇಲೆ ನಡೆದ ದಾಳಿಯಲ್ಲಿ ಮೊದಲು 29 ಲಕ್ಷ ಗ್ರಾಹಕರ ಮಾಹಿತಿ ಹೋಯಿತೆಂದೂ, ಬಳಿಕ ಸುಮಾರು 3.8 ಕೋಟಿ ಸಕ್ರಿಯ ಬಳಕೆದಾರರ ಮಾಹಿತಿ ಹೋಯಿತೆಂದೂ ಸಂಸ್ಥೆಯೇ ಒಪ್ಪಿಕೊಂಡಿತು. 2019ರಲ್ಲಿ ಸುಮಾರು 75 ಲಕ್ಷ ಕ್ರಿಯೇಟಿವ್ ಕ್ಲೌಡ್ ಖಾತೆಗಳ ವಿವರವಿದ್ದ ಸಂಗ್ರಹವೊಂದು ಬೀಗವಿಲ್ಲದೆ ತೆರೆದಿದ್ದದ್ದು ಪತ್ತೆಯಾಯಿತು. ಎರಡೂ ಸಂದರ್ಭಗಳಲ್ಲಿ ಸುದ್ದಿಯಾದದ್ದು ಖಾತೆಗಳ ವಿವರ. ಗಿರಾಕಿಗಳ ವಿನ್ಯಾಸಗಳಲ್ಲ. ಆದರೂ ದೊಡ್ಡ ಸಂಸ್ಥೆಯ ಭದ್ರತೆಯೆಂದರೆ ಅಭೇದ್ಯವೆಂಬ ಭ್ರಮೆ ಬೇಡ. 2024ರ ಜೂನ್‌ನಲ್ಲಿ ಬಳಕೆಯ ಷರತ್ತುಗಳನ್ನು ಬದಲಾಯಿಸಿ, ಒಪ್ಪಿದ ಹೊರತು ತಂತ್ರಾಂಶವನ್ನು ಬಳಸುವಂತಿಲ್ಲ ಎಂಬ ಸೂಚನೆ ತೆರೆಯ ಮೇಲೆ ಬಂದಾಗ ಜಗತ್ತಿನ ಕಲಾವಿದರು ಸಿಡಿದೆದ್ದರು. ಗ್ರಾಹಕರ ಕೃತಿಗಳನ್ನು ತನ್ನ ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವುದಿಲ್ಲವೆಂದು ಸಂಸ್ಥೆ ಸ್ಪಷ್ಟನೆ ನೀಡಿ, ಅದೇ ತಿಂಗಳಲ್ಲಿ ಷರತ್ತುಗಳನ್ನು ತಿದ್ದಿ ಬರೆಯಿತು.

ತಯಾರಕರ ವಾದ

ತಯಾರಕರ ಕಡೆಯ ಮಾತನ್ನೂ ಕೇಳದೆ ತೀರ್ಪು ಕೊಡುವುದು ವಾಣಿಜ್ಯ ನೀತಿಯಲ್ಲ. ನಕಲಿ ತಂತ್ರಾಂಶದ ಹಾವಳಿ ಕಲ್ಪಿತವಾದದ್ದಲ್ಲ. ಅದರಲ್ಲಿ ಈ ನಾಡಿನ ಮುದ್ರಣೋದ್ಯಮದ ಪಾಲು ಇಲ್ಲವೆಂದು ಎದೆತಟ್ಟಿ ಹೇಳುವವರು ಯಾರು? ಕೋರೆಲ್ ಡ್ರಾ ಕಲಿತ ಹುಡುಗರಲ್ಲಿ ಎಷ್ಟು ಮಂದಿ ಅದರ ಅಸಲಿ ಪೆಟ್ಟಿಗೆಯನ್ನು ಕಂಡಿದ್ದಾರೆ? 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕರಣದಂತೆ, ನಕಲಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸಿದರೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ಹಿನ್ನೆಲೆ ಪ್ರಕ್ರಿಯೆಗಳ ಕಾಟ ತಪ್ಪಿಸಿಕೊಳ್ಳಲು ನಕಲಿ ಪ್ರತಿಗೆ ಮೊರೆಹೋಗುವವರು ಇನ್ನೊಂದನ್ನೂ ಅರಿಯಬೇಕು: ಬೀಗ ಒಡೆದ ತಂತ್ರಾಂಶದೊಂದಿಗೆ ಬರುವ ಹಿನ್ನೆಲೆ ಪ್ರಕ್ರಿಯೆಗಳಿಗೆ ಹೆಸರೂ ಇರುವುದಿಲ್ಲ, ವಿಳಾಸವೂ ಇರುವುದಿಲ್ಲ. ಅವು ಗುಪ್ತಪದಗಳನ್ನು ಕದಿಯುತ್ತಿರಬಹುದು, ಬೇರಾರಿಗೋ ಕ್ರಿಪ್ಟೋ ನಾಣ್ಯ ದುಡಿದುಕೊಡುತ್ತಿರಬಹುದು. ಭದ್ರತಾ ದೋಷಗಳನ್ನು ಮುಚ್ಚುವ ನವೀಕರಣಗಳು ಬೇಗ ತಲುಪಬೇಕೆಂಬ ತಯಾರಕರ ಮಾತಿನಲ್ಲಿಯೂ ಹುರುಳಿದೆ.

ಇಷ್ಟನ್ನೂ ಒಪ್ಪಿದ ಮೇಲೂ ಒಂದು ಅನ್ಯಾಯ ಉಳಿಯುತ್ತದೆ. ಕಳ್ಳನನ್ನು ಹಿಡಿಯಲು ನೇಮಿಸಿದ ಕಾವಲುಗಾರನ ಊಟದ ಖರ್ಚನ್ನು ಹಣ ಕೊಟ್ಟು ಕೊಂಡ ಗ್ರಾಹಕನ ಮೇಲೆ ಹೇರಲಾಗಿದೆ. ಈ ನಡೆ ಹೊಸದೂ ಅಲ್ಲ. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆ ತನ್ನ ಸಂಗೀತದ ಸಿ.ಡಿ.ಗಳಲ್ಲಿ ನಕಲು ತಡೆಯುವ ತಂತ್ರಾಂಶವನ್ನು ಅಡಗಿಸಿಟ್ಟು, ಕೊಂಡು ಕೇಳಿದವರ ಗಣಕಗಳಲ್ಲಿ ಅದು ಗುಟ್ಟಾಗಿ ನೆಲೆಸಿ ಭದ್ರತೆಗೇ ತೂತು ಕೊರೆದದ್ದು ಬಯಲಾಗಿ, ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು, ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಇಂದಿನ ವಿನ್ಯಾಸ ತಂತ್ರಾಂಶಗಳು ಅಷ್ಟು ಗುಟ್ಟಾಗಿ ನಡೆಯುವುದಿಲ್ಲ. ಹೆಸರು ಹಾಕಿಕೊಂಡೇ ಪಟ್ಟಿಯಲ್ಲಿ ಕುಳಿತಿರುತ್ತವೆ. ಆದರೆ ಬೇಡವೆಂದು ಕಳುಹಿಸುವ ಸ್ವಾತಂತ್ರ್ಯ ಗ್ರಾಹಕನಿಗೆ ಪೂರ್ತಿಯಾಗಿಲ್ಲ. ಕ್ರಿಯೇಟಿವ್ ಕ್ಲೌಡ್ ಡೆಸ್ಕ್‌ಟಾಪ್ ತಂತ್ರಾಂಶವನ್ನು ತೆಗೆಯಬೇಕಾದರೆ ಅದರ ಮೂಲಕ ಅಳವಡಿಸಿದ ಫೋಟೋಶಾಪ್ ಮುಂತಾದವನ್ನೆಲ್ಲ ಮೊದಲು ತೆಗೆಯಬೇಕು ಎಂಬುದು ಸಂಸ್ಥೆಯದೇ ನಿಯಮ.

ಬೇರೆ ದಾರಿಯೇ ಇಲ್ಲವೆಂದು ತಯಾರಕರು ಹೇಳುವಂತಿಲ್ಲ. ದೊಡ್ಡ ಸಂಸ್ಥೆಗಳಿಗೂ ಸರ್ಕಾರಿ, ರಕ್ಷಣಾ ವಲಯದ ಕಚೇರಿಗಳಿಗೂ ಅಡೋಬ್ ಬೇರೊಂದು ಬಗೆಯ ಪರವಾನಗಿ ಕೊಡುತ್ತದೆ. ಸೌಲಭ್ಯ ನಿರ್ಬಂಧಿತ ಪರವಾನಗಿ ಎಂದು ಅದನ್ನು ಕನ್ನಡಿಸಬಹುದು. ಅದರಲ್ಲಿ ಕ್ಲೌಡ್ ಸೇವೆಗಳನ್ನು ನಿಲ್ಲಿಸಬಹುದು, ಅಂತರಜಾಲವೇ ಇಲ್ಲದ ಗಣಕದಲ್ಲಿಯೂ ತಂತ್ರಾಂಶವನ್ನು ನಡೆಸಬಹುದು. ಸಂಸ್ಥೆಯ ಆಡಳಿತ ಫಲಕವಿರುವ ಗ್ರಾಹಕರು ಯಾವ ಗಣಕಕ್ಕೆ ಏನು ಹೋಗಬೇಕು, ಏನು ಹೋಗಬಾರದು ಎಂದು ತಾವೇ ಪೊಟ್ಟಣ ಕಟ್ಟಿ ಕಳುಹಿಸಬಹುದು. ಅಂದಮೇಲೆ ಪರಿವಾರವಿಲ್ಲದೆ ಫೋಟೋಶಾಪ್ ಓಡುವುದಿಲ್ಲ ಎಂಬುದು ತಾಂತ್ರಿಕ ಸತ್ಯವಲ್ಲ. ಅದು ವ್ಯಾಪಾರದ ತೀರ್ಮಾನ. ನೂರಾರು ಪರವಾನಗಿ ಕೊಳ್ಳುವ ಕಂಪನಿಗೆ ಸಿಗುವ ಮೌನ, ಎರಡು ಪರವಾನಗಿ ಕೊಳ್ಳುವ ಮುದ್ರಕನಿಗೆ ಸಿಗುವುದಿಲ್ಲ. ಹಳೆಯ ಗಣಕವಿರುವುದು, ದುರ್ಬಲ ಅಂತರಜಾಲವಿರುವುದು ಮಾತ್ರ ಎರಡನೆಯವನ ಬಳಿಯಲ್ಲಿ. ಸಣ್ಣ ಉದ್ದಿಮೆಗಳ ಪರವಾಗಿ ವಾಣಿಜ್ಯ ಸಂಸ್ಥೆಗಳು ದನಿ ಎತ್ತಬೇಕಾದ ವಿಷಯಗಳ ಸಾಲಿಗೆ ಇದೂ ಸೇರಬೇಕು.

ಕಾನೂನಿನ ನೆರವು ಎಷ್ಟರಮಟ್ಟಿಗೆ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಎಂದು ಕರೆಯಲಾಗುವ ವಂಚಕ ವಿನ್ಯಾಸಗಳ ತಡೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಬಲವಂತದ ಕ್ರಿಯೆ, ಚಂದಾ ಜಾಲ, ಪದೇ ಪದೇ ಪೀಡಿಸುವುದು ಮೊದಲಾದ 13 ಬಗೆಗಳನ್ನು ಅದು ಹೆಸರಿಸುತ್ತದೆ. ಕೊಂಡ ವಸ್ತುವನ್ನು ಬಳಸಬೇಕಾದರೆ ಸಂಬಂಧವಿಲ್ಲದ ಇನ್ನೊಂದು ಸೇವೆಗೂ ಸೇರಬೇಕು ಎಂಬ ಒತ್ತಾಯ ಬಲವಂತದ ಕ್ರಿಯೆಯ ಅಡಿಯಲ್ಲಿ ಬರಬಲ್ಲದು. ಹಿನ್ನೆಲೆ ಪ್ರಕ್ರಿಯೆಗಳು ಆ ವ್ಯಾಖ್ಯೆಯೊಳಗೆ ಎಷ್ಟು ಸಲ್ಲುತ್ತವೆ ಎಂಬುದು ವಾದಿಸಬೇಕಾದ ವಿಷಯ. ಆದರೆ ಅದಕ್ಕೂ ಮೊದಲು ಒಂದು ಹೊಸ್ತಿಲು ದಾಟಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ, ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನೇ ಅಲ್ಲ; ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸಲೆಂದು ಮಾತ್ರ ಬಳಸುವವನಿಗೆ ವಿನಾಯಿತಿ ಇದೆ. ತಾನೇ ಕುಳಿತು ವಿನ್ಯಾಸ ಮಾಡುವ ಡಿ.ಟಿ.ಪಿ. ಕೇಂದ್ರದ ಮಾಲೀಕ ಗ್ರಾಹಕನೆನಿಸಬಹುದು. ಹತ್ತು ಜನ ಕೆಲಸಗಾರರನ್ನಿಟ್ಟುಕೊಂಡ ಮುದ್ರಣಾಲಯ ಆ ರಕ್ಷಣೆಯ ಹೊರಗೆ ಉಳಿಯುವ ಸಂಭವವೇ ಹೆಚ್ಚು. ಅಮೆರಿಕದಲ್ಲಿ ಚಂದಾ ರದ್ದತಿಯ ಶುಲ್ಕವನ್ನು ಮರೆಮಾಚಿದ ಆರೋಪದ ಮೇಲೆ 2024ರ ಜೂನ್‌ನಲ್ಲಿ ಅಲ್ಲಿನ ಸರ್ಕಾರವೇ ಅಡೋಬ್ ವಿರುದ್ಧ ಮೊಕದ್ದಮೆ ಹೂಡಿತು. ಇಲ್ಲಿಯ ಸಣ್ಣ ಉದ್ದಿಮೆದಾರನ ಪರವಾಗಿ ಹಾಗೆ ನಿಲ್ಲುವವರು ಯಾರು ಎಂಬುದೇ ಸ್ಪಷ್ಟವಿಲ್ಲ. ಅತಿಸಣ್ಣ, ಸಣ್ಣ ಉದ್ದಿಮೆಗಳನ್ನೂ ಈ ಮಾರ್ಗಸೂಚಿಯ ರಕ್ಷಣೆಗೆ ಒಳಪಡಿಸಬೇಕೆಂದು ಕೇಂದ್ರಕ್ಕೆ ಮನವಿ ಸಲ್ಲಿಸುವುದು ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳೂ ಮುದ್ರಕರ ಸಂಘಗಳೂ ಕೂಡಿ ಮಾಡಬಹುದಾದ ಕೆಲಸ.

ಇನ್ನೊಂದು ಕಾಯಿದೆ ಮುದ್ರಕನ ಬೆನ್ನಿಗೆ ನಿಲ್ಲುವುದಕ್ಕಿಂತ ಅವನ ಹೆಗಲೇರುವಂಥದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಯಿತು. ದತ್ತಾಂಶ ಸೋರದಂತೆ ಸೂಕ್ತ ಎಚ್ಚರ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಹುದು. ಆ ಮೊತ್ತ ದೊಡ್ಡ ಕಂಪನಿಗಳನ್ನು ಕುರಿತದ್ದೆಂಬುದು ನಿಜ. ಆದರೂ 800 ಮಕ್ಕಳ ಭಾವಚಿತ್ರ, ಜನ್ಮದಿನಾಂಕ, ರಕ್ತದ ಗುಂಪು ಇರುವ ಗುರುತಿನ ಚೀಟಿಗಳ ಕಡತ ಯಾವ ಸರ್ವರ್‌ಗೆ ಹೋಯಿತು ಎಂದು ಶಾಲೆಯ ಆಡಳಿತ ಮಂಡಳಿ ಕೇಳಿದರೆ, ನಮ್ಮ ಗಣಕ ತಾನಾಗಿಯೇ ಕಳುಹಿಸಿತು ಎಂಬ ಉತ್ತರ ನಿಲ್ಲಲಾರದು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ, ಗಣಕ ಚಾಲನೆಯಾಗುವಾಗ ತಾವಾಗಿಯೇ ಏಳುವ ಕಾರ್ಯಕ್ರಮಗಳನ್ನು ತಡೆಹಿಡಿಯಲು ಅವಕಾಶವಿದೆ. ಕ್ರಿಯೇಟಿವ್ ಕ್ಲೌಡ್‌ನ ಆದ್ಯತೆಗಳಲ್ಲಿ, ಗಣಕ ತೆರೆದಾಗಲೆಲ್ಲ ತಾನೂ ತೆರೆಯಬೇಕೆಂಬ ಗುರುತನ್ನು ತೆಗೆಯಬಹುದು, ಸ್ವಯಂಚಾಲಿತ ನವೀಕರಣವನ್ನು ನಿಲ್ಲಿಸಿ ಬಿಡುವಿನ ದಿನಕ್ಕೆ ಇಟ್ಟುಕೊಳ್ಳಬಹುದು. ಫೋಟೋಶಾಪ್ ಯಾವಾಗಲೂ ಸ್ವಂತ ಗಣಕದಲ್ಲಿಯೇ ಉಳಿಸುವಂತೆ ಗೊತ್ತುಮಾಡಬಹುದು. ಒಂದೊಂದು ನವೀಕರಣದ ನಂತರ ಈ ಗುರುತುಗಳು ಹಿಂದಿನಂತಾಗಿವೆಯೇ ಎಂದು ಮತ್ತೆ ನೋಡಬೇಕಾಗುತ್ತದೆ. ಬೇಸರದ ಕೆಲಸ, ಆದರೆ ತಿಂಗಳಿಗೊಮ್ಮೆ ಹತ್ತು ನಿಮಿಷ. ಕೆಲವರು ಉತ್ಸಾಹದಿಂದ ಪರವಾನಗಿ ಪರೀಕ್ಷಿಸುವ ಸೇವೆಗಳನ್ನೂ ಫೋಲ್ಡರುಗಳನ್ನೂ ಅಳಿಸಿಹಾಕುವುದುಂಟು. ಅದರಿಂದ ತಂತ್ರಾಂಶವೇ ತೆರೆಯದಂತಾಗಿ, ವಿತರಣೆಯ ಹಿಂದಿನ ರಾತ್ರಿ ಮತ್ತೆ ಅಳವಡಿಸುವ ಪಾಡು ಬರಬಹುದು. ಅಂತಹ ಸಾಹಸ ಬೇಡ. ಪ್ರಶ್ನೆಪತ್ರಿಕೆಯಂತಹ ಗೋಪ್ಯ ಕೆಲಸಕ್ಕೆ ಒಂದು ಗಣಕವನ್ನು ಅಂತರಜಾಲದಿಂದ ಬೇರ್ಪಡಿಸಿಡುವುದು ಹಳೆಯ ಪದ್ಧತಿಯಾದರೂ ಈಗಲೂ ಒಳ್ಳೆಯದು. ಅದರಲ್ಲಿ ಅಂತರಜಾಲ ಬೇಡದ ತಂತ್ರಾಂಶವಿರಲಿ.

ಅಂತಹ ತಂತ್ರಾಂಶಗಳು ಇಲ್ಲವೆಂದಲ್ಲ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್, ಕೃತಾ ಮುಕ್ತ ತಂತ್ರಾಂಶಗಳು. ಅವಕ್ಕೆ ಚಂದಾ ಇಲ್ಲ, ಕಾವಲುಗಾರನೂ ಇಲ್ಲ. 2024ರಲ್ಲಿ ಕ್ಯಾನ್ವಾ ಸಂಸ್ಥೆ ಕೊಂಡ ಅಫಿನಿಟಿಯನ್ನು 2025ರ ಅಕ್ಟೋಬರಿನಲ್ಲಿ ಉಚಿತವೆಂದು ಘೋಷಿಸಲಾಯಿತು. ಉಚಿತವಾದರೂ ಅದಕ್ಕೆ ಕ್ಯಾನ್ವಾ ಖಾತೆ ಬೇಕು ಎಂಬುದನ್ನು ಮರೆಯಬಾರದು. ಯಾವುದಕ್ಕೆ ಬದಲಾಯಿಸುವ ಮೊದಲೂ ಒಂದು ಪುಟ ಕನ್ನಡವನ್ನು ಅದರಲ್ಲಿ ಜೋಡಿಸಿ ನೋಡಬೇಕು: ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂಡುತ್ತವೆಯೇ, ಪಿಡಿಎಫ್ ಮಾಡಿದಾಗ ಉಳಿಯುತ್ತವೆಯೇ, ನಾಲ್ಕು ಬಣ್ಣಗಳ ವಿಂಗಡಣೆ ಪ್ಲೇಟಿಗೆ ಹೊಂದುತ್ತದೆಯೇ ಎಂದು. ಇಲ್ಲಿ ಸೋಲುವ ತಂತ್ರಾಂಶ ಎಷ್ಟೇ ಹಗುರವಾಗಿದ್ದರೂ ಕನ್ನಡದ ಮುದ್ರಕನಿಗೆ ಉಪಯೋಗವಿಲ್ಲ.

ಉಳಿದವರು, ಅಂದರೆ ಚಂದಾದಲ್ಲಿಯೇ ಮುಂದುವರಿಯುವ ಹೆಚ್ಚಿನವರು, ಮುಂದಿನ ನವೀಕರಣದ ತಾರೀಕು ಬರುವ ಮೊದಲು ಮಾರಾಟ ಪ್ರತಿನಿಧಿಯನ್ನು ಕರೆದು ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಬಹುದು: ಈ ಹಣಕ್ಕೆ ಯಾವ ಯಾವ ಪ್ರಕ್ರಿಯೆಗಳು ಗಣಕದಲ್ಲಿ ನೆಲೆಸುತ್ತವೆ, ಅವುಗಳಲ್ಲಿ ಯಾವುವನ್ನು ನಿಲ್ಲಿಸಬಹುದು? ಒಬ್ಬ ಮುದ್ರಕ ಕೇಳಿದರೆ ಉತ್ತರ ಬಾರದೆ ಇರಬಹುದು. ಒಂದು ಊರಿನ ಐವತ್ತು ಮುದ್ರಣಾಲಯಗಳು ಒಂದಾಗಿ ತಂಡದ ಪರವಾನಗಿಗೆ ದರ ಕೇಳುವಾಗ ಅದೇ ಪ್ರಶ್ನೆಯನ್ನು ದರಪಟ್ಟಿಯ ಜೊತೆಗೇ ಇಟ್ಟರೆ, ಪ್ರತಿನಿಧಿ ಅದನ್ನು ಮೇಲಧಿಕಾರಿಗೆ ಮುಟ್ಟಿಸಲೇಬೇಕಾಗುತ್ತದೆ.